ಆಷಾಢದಲ್ಲಿ ಕೊನೆ ಕೊಯ್ದ ಅಪ್ಪ

ತೀರ್ಥಹಳ್ಳಿ ಕಡೆಯ ಯುವ ಬರಹಗಾರರಿಗೆ,

ನಿಮ್ಮ ‘ಮಳೆ, ಅಪ್ಪ ಮತ್ತು ನಾನು’ ಪ್ರಬಂಧ ತಲುಪಿದೆ. ಸಾಮಾನ್ಯವಾಗಿ ಬೇಡದ ಬರಹಕ್ಕೆ ನಾವು ಎರಡು ಸಾಲು ಬರೆದು ಸುಮ್ಮನಾಗುತ್ತೇವೆ. ನಿಮ್ಮದಕ್ಕೆ ಹಾಗೆ ಮಾಡಲು ಮನಸ್ಸಾಗಲಿಲ್ಲ. ಓದಿ ಮೇಜಿನ ಮೇಲಿಟ್ಟೆ. ಸಿಟ್ಟು ಬಂತು. ಊಟ ಮಾಡಿ ಬಂದು ಮತ್ತೆ ಓದಿದೆ. ಸಿಟ್ಟು ಇನ್ನೂ ಜಾಸ್ತಿಯಾಯಿತು. ಹಾಗಾಗಿ ಈ ಉದ್ದದ ಪತ್ರ.

ಮೊದಲು ಹೊಗಳಿಕೆ ಮುಗಿಸಿಬಿಡುತ್ತೇನೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪಿಲ್ಲ. ‘ಅಪ್ಪನ ಅಂಗಿ ತೋಳಿನ ನೀಲಿ ಕಲೆ ಚೌತಿ ಬಂದರೂ ಹೋಗಿರಲಿಲ್ಲ’ ಅನ್ನುವ ಸಾಲು ಚೆನ್ನಾಗಿದೆ. ಆಯಿತು.

ಈಗ ಎರಡನೇ ಪುಟ ತೆಗೆಯಿರಿ. ಅಲ್ಲಿ ಹೀಗೆ ಬರೆದಿದ್ದೀರಿ: ‘ಆಷಾಢದ ಜಡಿಮಳೆಯಲ್ಲಿ ಅಪ್ಪ ಮರವೇರಿ ಕೊನೆ ಕೊಯ್ಯುತ್ತಿದ್ದರೆ, ಆಗಸವೇ ಅವನ ಬೆವರು ತೊಳೆಯುತ್ತಿತ್ತು.’

ಅಲ್ಲ ಮಾರಾಯ್ರೆ, ಆಷಾಢದಲ್ಲಿ ಯಾರು ಅಡಿಕೆಗೊನೆ ಕೊಯ್ಯುತ್ತಾರೆ? ಭದ್ರಾವತಿ, ಚನ್ನಗಿರಿ ಕಡೆಯ ತೋಟಗಳಲ್ಲಿ ಕೊಯ್ಲು ಸ್ವಲ್ಪ ಬೇಗ ಶುರುವಾಗುತ್ತದೆ, ಅದು ಬೇರೆ ಮಾತು. ನಿಮ್ಮ ಕಡೆ ದೀಪಾವಳಿ ಆಸುಪಾಸಿಗೆ ತಾನೇ ಕೊನೆಗಾರ ಬರುವುದು? ಆಷಾಢದಲ್ಲಿ ಕಾಯಿ ಇನ್ನೂ ಎಳೆಯದು. ಆಗ ಮರದ ತುದಿಯಲ್ಲಿ ನಡೆಯುವ ಕೆಲಸ ಒಂದೇ, ಕೊಳೆರೋಗಕ್ಕೆ ಔಷಧಿ ಹೊಡೆಯುವುದು. ಅದೂ ಜಡಿಮಳೆಯಲ್ಲಿ ಅಲ್ಲ. ಮಳೆ ಹೊಳವಾಗುವುದನ್ನೇ ಕಾದು, ಆ ಎರಡು ಮೂರು ಗಂಟೆಯಲ್ಲಿ ಎಷ್ಟು ಮರ ಮುಗಿಯುತ್ತದೋ ಅಷ್ಟು. ಕಾಲಿಗೆ ತಳೆ ಅನ್ನುವ ಬಳೆ ಸಿಕ್ಕಿಸಿ ಒದ್ದೆ ಮರ ಹತ್ತಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಈಗಂತೂ ಸುಮಾರು ಮನೆಗಳಲ್ಲಿ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ. ನೆಲದಲ್ಲೇ ನಿಂತು, ಕತ್ತು ಮೇಲೆತ್ತಿ ಹೊಡೆಯುತ್ತಾರೆ.

ನಿಮಗೆ ಇದು ಗೊತ್ತಿಲ್ಲ ಅಂತ ನಾನು ಅಂದುಕೊಂಡಿದ್ದರೆ ಈ ಪತ್ರ ಬರೆಯುತ್ತಲೇ ಇರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು ಇದನ್ನೇ ಬರೆದಿದ್ದರೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಬಿಡುತ್ತಿದ್ದೆ. ಆದರೆ ಆ ನೀಲಿ ಕಲೆಯ ಸಾಲು ಬರೆದವರೂ ನೀವೇ. ಅದು ಕೊಳೆ ಔಷಧಿಗೆ ಹಾಕುವ ಮೈಲುತುತ್ತದ (ತಾಮ್ರದ ಸಲ್ಫೇಟ್) ಕಲೆ. ಮೊದಲ ಪುಟದಲ್ಲಿ ಔಷಧಿ ಹೊಡೆದ ಅಪ್ಪ, ಎರಡನೇ ಪುಟದಲ್ಲಿ ಅದೇ ತಿಂಗಳು ಕೊನೆ ಕೊಯ್ಯುತ್ತಾರೆ. ಗೊತ್ತಿದ್ದೂ ಹೀಗೆ ಬರೆದಿರಿ. ಯಾಕೆಂದರೆ ಆಗಸ ಬೆವರು ತೊಳೆಯಬೇಕಿತ್ತು. ಒಂದು ಚೆಂದದ ಸಾಲಿಗಾಗಿ ಅಪ್ಪನ ಕೈಯಿಂದ ಅವರ ಕೆಲಸ ಕಿತ್ತುಕೊಂಡು ಬೇರೆ ಯಾವುದೋ ಕೆಲಸ ಕೊಟ್ಟಿರಿ. ನನಗೆ ಸಿಟ್ಟು ಬಂದಿದ್ದು ಇಲ್ಲಿ.

ಹೋಗಲಿ, ನಿಜವಾಗಿ ನಡೆಯುವುದು ಇದಕ್ಕಿಂತ ಸಪ್ಪೆಯಾ? ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಮಳೆಗೆ ತೊಳೆದು ಹೋಗಬಾರದು ಅಂತ ಕೆಲವರು ರಾಳ ಕಾಯಿಸಿ ಸೇರಿಸುತ್ತಾರೆ. ಆಮೇಲೆ ಅಪ್ಪ ಒಂದು ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮೊದಲ ಸಲ ಹೊಡೆದು 40–45 ದಿನಕ್ಕೆ ಇನ್ನೊಮ್ಮೆ. ಆ ಎರಡನೇ ಔಷಧಿಯ ಸಮಯಕ್ಕೇ ಪುನರ್ವಸು, ಪುಷ್ಯ ಮಳೆ ಬಿಡದೆ ಹಿಡಿಯುತ್ತದೆ. ಮನೆಯವರು ಒಬ್ಬರೊಬ್ಬರ ಮೇಲೆ ರೇಗುತ್ತಾ ಆಕಾಶ ನೋಡುವುದು ಆಗ. ಕಲಸಿದ ಔಷಧಿ ನಾಳೆಗೆ ಉಳಿಯುವುದಿಲ್ಲ. ಕಲಸಬೇಕೋ ಬೇಡವೋ ಅನ್ನುವುದನ್ನು ಬೆಳಗ್ಗೆಯೇ ತೀರ್ಮಾನಿಸಬೇಕು. ಇಷ್ಟೆಲ್ಲ ಇರುವ ಅಂಗಳದಿಂದ ನೀವು ನನಗೆ ಕಳಿಸಿದ್ದು ಬೆವರು ತೊಳೆಯುವ ಆಗಸ.

ಅದೇ ಪುಟದ ಕೆಳಗೆ ಇನ್ನೊಂದಿದೆ: ‘ಅಂಗಳದಲ್ಲಿ ಹರವಿದ ಅಡಿಕೆಯ ಮೇಲೆ ಮಳೆಹನಿಗಳು ಮುತ್ತಾಗಿ ಹೊಳೆದವು.’ ಬೇಯಿಸಿ ಒಣಹಾಕಿದ ಅಡಿಕೆ ಮೇಲೆ ಮಳೆ ಬಿದ್ದರೆ ನಿಮ್ಮ ಮನೆಯಲ್ಲಿ ಮುತ್ತು ನೋಡುತ್ತಾ ನಿಲ್ಲುತ್ತಾರಾ? ಉಣ್ಣುವ ಎಲೆ ಬಿಟ್ಟು ಎದ್ದು ಟಾರ್ಪಾಲು ಎಳೆಯುತ್ತಾರೆ. ಬೂಷ್ಟು ಬಂದು ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಈ ಸಾಲನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ ನೋಡಿ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಒಂದು ಸಣ್ಣ ಪತ್ರಿಕೆಯಲ್ಲಿ. ಆಗಿನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಮಳೆಗಾಲ ಬಂತು ಅಂದರೆ ಹೊಸಬರಿಗೆ ಒಂದೇ ಕೆಲಸ. ಆಗುಂಬೆಯಲ್ಲಿ ಎಷ್ಟು ಮಳೆ, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಎಷ್ಟು ನೀರು, ಭದ್ರಾದಲ್ಲಿ ಎಷ್ಟು, ಗಾಜನೂರಿನಲ್ಲಿ ಎಷ್ಟು ಅಂತ ಪುಟ್ಟ ಚೌಕ ತುಂಬಿಸುವುದು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ. ಇವು ನನಗೆ ಈಗಲೂ ನಿದ್ದೆಯಲ್ಲಿ ಬರುತ್ತವೆ. ಫೋನು ಮಳೆ ಶುರುವಾದ ಕೂಡಲೇ ಸಾಯುತ್ತಿತ್ತು. ಆಗ ಆ ಕಡೆಯ ಬಾತ್ಮೀದಾರರು ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು ಆ ಒದ್ದೆ ಚೀಟಿ ತರುತ್ತಿದ್ದೆ.

ಅಲ್ಲಿ ಡೆಸ್ಕಿನಲ್ಲಿ ಒಬ್ಬ ಹಿರಿಯರಿದ್ದರು. ಯಾರು ‘ಧಾರಾಕಾರ ಮಳೆ’ ಅಂತ ಬರೆದು ತಂದರೂ ತಲೆ ಎತ್ತದೆ ಕೇಳುತ್ತಿದ್ದರು, ‘ಎಷ್ಟು ಮಿಲಿಮೀಟರ್?’ ಗೊತ್ತಿಲ್ಲ ಅಂದರೆ ಮಳೆಯನ್ನೇ ಹೊಡೆದು ಹಾಕುತ್ತಿದ್ದರು. ಅವರ ಲೆಕ್ಕ ಸರಳ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿಯವರ ಮುಂದೆ ಧಾರಾಕಾರ ಅಂದರೆ ನಗುತ್ತಾರೆ. ನಮ್ಮ ಚೌಕ ಓದುವವರಿಗೆ ನಾಳೆ ಬಸ್ಸು ಬರುತ್ತದಾ, ಸಂಕ ದಾಟಬಹುದಾ, ಔಷಧಿ ಕಲಸಬಹುದಾ ಅನ್ನುವುದು ಬೇಕು. ಅವರು ನನ್ನ ಒಳ್ಳೆಯ ಸಾಲುಗಳನ್ನೂ ಹೊಡೆದಿದ್ದಾರೆ. ಪೂರ್ತಿ ಸರಿ ಅಂತ ನಾನು ಈಗಲೂ ಒಪ್ಪುವುದಿಲ್ಲ. ಪ್ರಬಂಧ ಬರೆಯುವವರು ಮಳೆ ಅಳೆಯುತ್ತಾ ಕೂರಬೇಕಾಗಿಲ್ಲ. ಆದರೂ ನಿಮ್ಮ ಮೂರನೇ ಪುಟ ಓದುವಾಗ ಅವರ ದನಿಯೇ ಕಿವಿಯಲ್ಲಿತ್ತು.

ಮೂರನೇ ಪುಟದಲ್ಲಿ ನೀವು ಕೆಲಸ ಮಾಡುವ ಸಹಕಾರಿ ಸೊಸೈಟಿ ಬರುತ್ತದೆ. ‘ಕೌಂಟರಿನ ಆಚೆ ನಿಂತ ರೈತರ ಕಣ್ಣುಗಳಲ್ಲಿ ಕಾರ್ಮೋಡ ಕವಿದಿತ್ತು.’ ಅವರು ಏನು ಕೇಳಿದರು? ನಾನು ಹೇಳಲಾ? ‘ವಿಮೆ ದುಡ್ಡು ಬಂತಾ?’ ಅಡಿಕೆಗೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆಗೆ ರೈತ ವಿಮಾ ಮೊತ್ತದ ಶೇ. 5ರಷ್ಟು ಕಟ್ಟುತ್ತಾನೆ. ತೋಟಕ್ಕೆ ಯಾರೂ ಬಂದು ಉದುರಿದ ಕಾಯಿ ಎಣಿಸುವುದಿಲ್ಲ. ಮಳೆಮಾಪನ ಕೇಂದ್ರದ ಲೆಕ್ಕ ನೋಡಿ ಪರಿಹಾರ. ತೋಟದಲ್ಲಿ ಬಿದ್ದ ಮಳೆ ಒಂದು, ಮಾಪಕದಲ್ಲಿ ದಾಖಲಾದ ಮಳೆ ಇನ್ನೊಂದು ಅಂತ ಜಗಳ ಆಡಲು ಜನ ಬರುವುದು ನಿಮ್ಮ ಕೌಂಟರಿಗೆ. ಮಳೆ ಮೇಲೆ ಪ್ರಬಂಧ ಬರೆಯಲು ನಿಮಗಿಂತ ಒಳ್ಳೆಯ ಜಾಗದಲ್ಲಿ ಕೂತವರು ಯಾರಿದ್ದಾರೆ?

ಅದರ ಮುಂದಿನ ಸಾಲಿಗೆ ನಾನು ನಿಂತುಬಿಟ್ಟೆ. ‘ಕೊಳೆ ಬಂದ ಆ ವರ್ಷ ಅಪ್ಪನೂ ನಮ್ಮ ಕೌಂಟರಿಗೆ ಬಂದಿದ್ದ.’

ಇಷ್ಟೇ. ತಕ್ಷಣ ಹೊಸ ಪ್ಯಾರಾ: ‘ಬದುಕೂ ಮಳೆಯಂತೆಯೇ ಅಲ್ಲವೇ? ಸುರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ...’ ಆಮೇಲೆ ಅರ್ಧ ಪುಟ ಇದೇ.

ನಿಮ್ಮ ಅಪ್ಪ ಸಾಲ ಕೇಳಲು ಮಗನ ಮುಂದೆ ಬಂದು ನಿಂತಿದ್ದಾರೆ. ನೀವು ಅವರನ್ನು ಅಲ್ಲೇ ನಿಲ್ಲಿಸಿ ಬದುಕಿನ ಬಗ್ಗೆ ಮಾತಾಡಲು ಹೋಗಿಬಿಟ್ಟಿರಿ. ಅವರು ಸಾಲಿನಲ್ಲಿ ನಿಂತರಾ, ನೇರ ಒಳಗೆ ಬಂದರಾ? ಬೆಳಗ್ಗೆ ಒಂದೇ ಮನೆಯಿಂದ ಹೊರಟವರು. ಬರುತ್ತೇನೆ ಅಂತ ಮೊದಲೇ ಹೇಳಿದ್ದರಾ? ಕಾರ್ಯದರ್ಶಿಗಳ ಎದುರು ನಿಮ್ಮನ್ನು ಏನಂತ ಕರೆದರು? ಹಳೇ ಬೆಳೆಸಾಲ ಕಟ್ಟಿ ಹೊಸದು ತೆಗೆಯಲು ಬಂದಿದ್ದರಾ? ಹಾಗಿದ್ದರೆ ಕಟ್ಟಲು ಕೈಗಡ ಎಲ್ಲಿಂದ ತಂದರು, ಮಂಡಿಯಿಂದಲಾ? ವಾಯಿದೆ ತಪ್ಪಿದರೆ ಬಡ್ಡಿ ಇಲ್ಲದ ಸಾಲಕ್ಕೂ ಬಡ್ಡಿ ಬೀಳುತ್ತದೆ ಅಂತ ಅವರಿಗೆ ಹೇಳಿದವರು ನೀವೇನಾ? ಪಹಣಿ ತಂದಿಲ್ಲ ಅಂತ ವಾಪಸ್ ಕಳಿಸಬೇಕಾಯಿತಾ? ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರು ಮೊದಲು ಮಾತಾಡಿದರು?

ನನಗೆ ಇದು ಬೇಕು. ಓದುವ ಯಾರಿಗೂ ಇದೇ ಬೇಕು. ಮೊದಲ ಎರಡು ಪುಟಗಳ ಮಳೆಯನ್ನೆಲ್ಲ ನೀವು ತಂದು ಸುರಿದಿದ್ದು ಈ ಕೌಂಟರ್ ಕಾಣದೆ ಇರಲಿ ಅಂತ, ಹಾಗನ್ನಿಸಿತು ನನಗೆ. ಬರೆಯಲು ಕಷ್ಟ ಅಂತ ಗೊತ್ತು. ಅಪ್ಪ ಓದುತ್ತಾರೆ, ಊರವರು ಓದುತ್ತಾರೆ. ಬರೆದು ಇಟ್ಟುಕೊಳ್ಳಿ, ಅಪ್ಪನಿಗೆ ತೋರಿಸಿ, ಅವರು ಬೇಡ ಅಂದರೆ ನನಗೆ ಕಳಿಸಬೇಡಿ. ಬೇರೆ ರೈತರ ಹೆಸರು, ಸಾಲದ ಲೆಕ್ಕ ಮಾತ್ರ ಯಾವ ಕಾರಣಕ್ಕೂ ಬರೆಯಬೇಡಿ. ಅದು ಅವರು ಸೊಸೈಟಿಯನ್ನು ನಂಬಿ ಕೊಟ್ಟದ್ದು.

ಪತ್ರದ ಕೊನೆಗೆ ಒಂದು ಪ್ರಶ್ನೆ ಕೇಳಿದ್ದೀರಿ, ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿಯಲಾ ಅಂತ. ಬೇಡ. ನಮ್ಮ ಗೌರವಧನದಲ್ಲಿ ನಿಮ್ಮ ಬೈಕಿಗೆ ಒಂದು ವಾರದ ಪೆಟ್ರೋಲ್ ಬಂದರೆ ಹೆಚ್ಚು. ಸಂಜೆ ದಣಿದು ಬಂದ ಮೇಲೆ ಬರೆಯಲು ಆಗುವುದಿಲ್ಲ ಅಂದಿದ್ದೀರಿ, ನಿಜ, ಯಾರಿಗೂ ಆಗುವುದಿಲ್ಲ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಸೊಸೈಟಿಗೆ ಹೋಗಿ ಕೂತು ಬರೆಯಿರಿ. ಜನ ಆಡಿದ ಮಾತನ್ನು ಆ ದಿನವೇ ಗುರುತು ಹಾಕಿಕೊಳ್ಳಿ, ಮಾರನೇ ದಿನಕ್ಕೆ ಅದು ನಿಮ್ಮ ಭಾಷೆ ಆಗಿಬಿಟ್ಟಿರುತ್ತದೆ.

ವಿಶೇಷಾಂಕದ ಪುಟಗಳು ಮುಗಿದಿವೆ, ಅವಸರ ಇಲ್ಲ. ಮೂರನೇ ಪುಟದಿಂದ ಶುರುಮಾಡಿ ಹೊಸದಾಗಿ ಬರೆದು ಕಳಿಸಿ. ಯುನಿಕೋಡ್‌ನಲ್ಲೇ ಇರಲಿ, ಈ ಸಲದ ಕಡತದಲ್ಲಿ ಅರ್ಧದಷ್ಟು ಒತ್ತಕ್ಷರ ಕಲಸಿಹೋಗಿ ಪ್ರಿಂಟ್ ಪ್ರತಿ ನೋಡಿಯೇ ಓದಬೇಕಾಯಿತು. ಜೊತೆಗೆ ಫೋಟೊ ಬೇಡ. ಮಳೆಯ ಫೋಟೊ ನಮ್ಮಲ್ಲಿ ಬೇಕಾದಷ್ಟು ಬಿದ್ದಿವೆ.

ಇಂತಿ,
ಸಂಪಾದಕ