ಸೆಂಟರ್ ಪಿನ್ನಿಗೆ ಗ್ರ್ಯಾಫೈಟ್ ಪುಡಿ ಬೇಡ

ಮಳೆ ಹಿಡಿದ ಮೇಲೆ ತಮ್ಮ ಅಪ್‌ರೈಟ್ ಪಿಯಾನೊದ ಕೀಗಳು ಒತ್ತಿದಲ್ಲೇ ನಿಲ್ಲುತ್ತಿವೆಯೆಂದೂ, ಬೀಗಕ್ಕೆ ಹಾಕುವ ಗ್ರ್ಯಾಫೈಟ್ ಪುಡಿಯನ್ನು, ತಂತಿಗೆ ಹೊಡೆಯುವ ಹ್ಯಾಮರುಗಳನ್ನು ಹಿಡಿದಿರುವ ಮರದ ಕೀಲುಗಳಾದ ಹ್ಯಾಮರ್ ಫ್ಲೇಂಜ್‌ಗಳಿಗೂ ಕೀಯ ರಂಧ್ರದೊಳಗಿನ ಬಟ್ಟೆಯ ಪದರವಾದ ಕೀ ಬುಶ್ಶಿಂಗ್‌ಗಳಿಗೂ ಊದಿದರೂ ಗುಣ ಕಾಣಲಿಲ್ಲವೆಂದೂ ಸೋಮವಾರಪೇಟೆಯ ಸದಸ್ಯರು ಬರೆದು, ಇನ್ನಷ್ಟು ಹಾಕಬಹುದೇ ಎಂದು ಕೇಳಿದ್ದಾರೆ. ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ನಮ್ಮ ಕೊಡಗಿನ ಮಳೆಗಾಲದಲ್ಲಿ ಕೀ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಜಾರಿಕೆ ಸಾಲದ್ದರಿಂದಲ್ಲ, ಬುಶ್ಶಿಂಗಿನ ಉಣ್ಣೆಬಟ್ಟೆಯೂ ಮರವೂ ತೇವ ಹೀರಿ ಉಬ್ಬಿ ಪಿನ್ನನ್ನು ಬಿಗಿಹಿಡಿಯುವುದರಿಂದ. ಪೊಲಿಬೆಟ್ಟದ ಕಡೆಯ ತೋಟದ ಬಂಗಲೆಯೊಂದರ ಹಳೆಯ ಪಿಯಾನೊಗೆ ಯಾರೋ ರಿಪೇರಿಯವರು ಇದೇ ರೀತಿ ಪುಡಿ ಊದಿ ಹೋಗಿದ್ದರು. ನಾನು ಫ್ಲೇಂಜಿನ ಕೀಲುಕಡ್ಡಿಯಾದ ಸೆಂಟರ್ ಪಿನ್ ತಳ್ಳಿ ತೆಗೆದಾಗ ಒಳಗಿನ ಕೆಂಪು ಬಟ್ಟೆ ಕಪ್ಪಾಗಿ, ಉಗುರು ಊರಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಪುಡಿ, ಧೂಳು, ತೇವ ಮೂರೂ ಸೇರಿ ಬಟ್ಟೆಯ ಎಳೆಗಳ ನಡುವೆ ಕೂತುಬಿಟ್ಟಿದ್ದವು. ತೊಳೆದು ತೆಗೆಯುವ ದಾರಿ ಇರಲಿಲ್ಲ. ಫ್ಲೇಂಜ್ ಫ್ಲೇಂಜಿಗೂ ಹಳೆ ಬಟ್ಟೆ ಕಿತ್ತು, ಹೊಸದು ಅಂಟಿಸಿ, ಅಳತೆ ನೋಡಿ ಹೊಸ ಪಿನ್ ಕೂರಿಸಬೇಕಾಯಿತು. ಬರೀ ತೇವ ಆರಿಸಿದ್ದರೆ ಮುಗಿಯುತ್ತಿದ್ದ ಕೆಲಸ ಅದು.

ಮೊದಲು ಆ್ಯಕ್ಷನ್ (ಕೀಯ ಒತ್ತನ್ನು ಹ್ಯಾಮರಿಗೆ ಮುಟ್ಟಿಸುವ ಯಂತ್ರಭಾಗ) ಹೊರತೆಗೆದು ಕೀಯ ಮುಂತುದಿಯನ್ನು ಎತ್ತಿ ಬಿಡಿ. ಅದು ತಾನಾಗಿ ಇಳಿಯದಿದ್ದರೆ ತೊಂದರೆ ಕೀಯ ಮುಂದಿನ ಫ್ರಂಟ್ ಪಿನ್ ಅಥವಾ ನಡುವಿನ ಬ್ಯಾಲೆನ್ಸ್ ಪಿನ್ನಿನ ಬಳಿ ಇದೆ. ಪಿನ್ನನ್ನು ಒರೆಸಿ ಹೊಳಪಿಸಿ, ಕೀ ಈಸಿಂಗ್ ಇಕ್ಕಳದಿಂದ ಬುಶ್ಶಿಂಗನ್ನು ಮೆಲ್ಲನೆ ಒತ್ತಿದರೆ ಸಾಕು. ಕೀ ಸಲೀಸಾಗಿದ್ದು ಹ್ಯಾಮರ್ ಮಾತ್ರ ನಿಧಾನವಾಗಿ ಹಿಂದಿರುಗುತ್ತಿದ್ದರೆ ಸೆಂಟರ್ ಪಿನ್ ಬಿಗಿಯಾಗಿದೆ. ಪುಡಿ ಸೋಕದ ಫ್ಲೇಂಜ್‌ಗಳಿಗೆ ನೀರು ಮತ್ತು ಐಸೊಪ್ರೊಪಿಲ್ ಆಲ್ಕೊಹಾಲ್ ಸಮವಾಗಿ ಬೆರೆಸಿ ಒಂದೊಂದು ಹನಿ ಬಿಟ್ಟು ಪೂರ್ತಿ ಒಣಗಿಸಿ. ಒದ್ದೆಯಾದ ಬಟ್ಟೆ ಉಬ್ಬಿ ಪಿನ್ನಿಗೆ ಒತ್ತಿಕೊಂಡು, ಒಣಗಿದಾಗ ಕುಗ್ಗಿ ಜಾಗ ಬಿಡುತ್ತದೆ. ಜಾರಿಕೆಯ ಪುಡಿ ಬೇಕೇಬೇಕೆಂದರೆ ಬಟ್ಟೆಗೆ ಬಿಳಿಯ ಟೆಫ್ಲಾನ್ ಪುಡಿ ಹಾಕಿ, ಕಪ್ಪು ಪುಡಿಯನ್ನಲ್ಲ.

ಹಾಗೆಂದು ಗ್ರ್ಯಾಫೈಟನ್ನೇ ದೂರಬೇಡಿ. ಮಳೆಗಾಲದಲ್ಲಿ ಅದು ಕೆಲಸ ಮಾಡುವುದಿಲ್ಲವೆಂಬ ಮಾತು ಸಹ ತಪ್ಪು. ಅದರ ಪದರಗಳು ಸಲೀಸಾಗಿ ಜಾರಲು ಗಾಳಿಯ ತೇವ ಬೇಕು, ನಿರ್ವಾತದಲ್ಲಿಯೇ ಅದು ಸೋಲುವುದು. ಅದರ ಜಾಗ ಮರಕ್ಕೆ ಮರ, ಮರಕ್ಕೆ ಲೋಹ, ಮರಕ್ಕೆ ಚರ್ಮ ಉಜ್ಜುವಲ್ಲಿ: ಹ್ಯಾಮರಿನ ಬುಡವಾದ ಬಟ್‌ನ ಚರ್ಮಕ್ಕೆ ತಾಗಿ ಅದನ್ನು ತಳ್ಳುವ ಜ್ಯಾಕ್‌ನ ತುದಿ, ಗ್ರ್ಯಾಂಡ್‌ನಲ್ಲಿ ಕೀಯನ್ನು ಬೇಗ ಮತ್ತೆ ನುಡಿಸಲು ನೆರವಾಗುವ ರಿಪಿಟಿಷನ್ ಸ್ಪ್ರಿಂಗ್ ಕೂರುವ ಕಾಲುವೆ, ಕಿರುಗುಟ್ಟುವ ಪೆಡಲಿನ ಮರದ ಕೋಲಿನ ತುದಿಗಳು. ಅಲ್ಲಿಯೂ ನಾನು ಪುಡಿ ಸುರಿಯುವುದಿಲ್ಲ. 6ಬಿ ಅಥವಾ 8ಬಿಯಂಥ ಮೆದು ಪೆನ್ಸಿಲಿನಿಂದ ಮರದ ಮೇಲೆ ತೆಳುವಾಗಿ ಬಳಿದು, ಒಣ ಹತ್ತಿಬಟ್ಟೆಯಿಂದ ಸೀಸದ ಹೊಳಪು ಬರುವವರೆಗೆ ತಿಕ್ಕಿ, ಉಳಿದದ್ದನ್ನು ಕುಂಚದಿಂದ ಗುಡಿಸಿ ತೆಗೆಯುತ್ತೇನೆ. ಬೆರಳಿಗೆ ಕಪ್ಪು ಅಂಟುತ್ತಿದ್ದರೆ ಇನ್ನೂ ತಿಕ್ಕಬೇಕು. 1795ರಲ್ಲಿ ಫ್ರಾನ್ಸಿನ ಕಾಂಟೆ ಗ್ರ್ಯಾಫೈಟಿಗೆ ಜೇಡಿಮಣ್ಣು ಬೆರೆಸುವ ವಿಧಾನ ಕಂಡುಹಿಡಿದಂದಿನಿಂದ ಪೆನ್ಸಿಲ್ ಗಟ್ಟಿಯಾದಷ್ಟೂ ಮಣ್ಣು ಹೆಚ್ಚು, ಮಣ್ಣು ಹೆಚ್ಚಿದಷ್ಟೂ ತರಚುತ್ತದೆ. ಆದ್ದರಿಂದ ಮಕ್ಕಳ ಡಬ್ಬಿಯ ಎಚ್‌ಬಿ ಬೇಡ. ಸ್ಟೆಡ್ಲರ್ ಲುಮೋಗ್ರಾಫ್ ನನಗೆ ಒಗ್ಗಿದೆ, ಕ್ಯಾಮ್ಲಿನ್ ಡ್ರಾಯಿಂಗ್ ಪೆನ್ಸಿಲೂ ಸಾಕಾಗುತ್ತದೆ.

ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಡಬ್ಲ್ಯೂಡಿ-40 ಸಿಂಪಡಿಸಿ ಎಂದು ಇನ್ನೊಬ್ಬರು ಸಲಹೆ ಕೊಟ್ಟಿರುವುದು ನೋಡಿ ನಿಜಕ್ಕೂ ಬೇಸರವಾಯಿತು. ಎಣ್ಣೆಯಂಶವಿರುವ ಯಾವುದನ್ನೂ ಆ್ಯಕ್ಷನ್ನಿನ ಹತ್ತಿರ ತರಬಾರದು. ಅದು ಫೆಲ್ಟಿಗೆ ಹರಡುತ್ತದೆ, ಧೂಳನ್ನು ಹಿಡಿದಿಡುತ್ತದೆ, ತಂತಿ ಬಿಗಿಯುವ ಟ್ಯೂನಿಂಗ್ ಪಿನ್ನುಗಳು ಕೂತಿರುವ ಮರದ ಪಿನ್ ಬ್ಲಾಕಿಗೆ ಇಳಿದರೆ ಟ್ಯೂನಿಂಗ್ ನಿಲ್ಲುವುದಿಲ್ಲ. ಟ್ಯೂನಿಂಗ್ ಪಿನ್ ನಿಂತಿರುವುದೇ ಮರದ ಹಿಡಿತದಿಂದ, ಆದ್ದರಿಂದ ಅಲ್ಲಿಗೆ ಗ್ರ್ಯಾಫೈಟ್ ಸಹ ನಿಷಿದ್ಧ.

ಕೊನೆಗೆ ತೇವದ ವಿಚಾರ. ಪಿಯಾನೊವನ್ನು ಹೊರಗೋಡೆಯಿಂದ ದೂರ ಸರಿಸಿ, ಒಳಗೆ ತೇವಮಾಪಕ ಇಟ್ಟು, ತೇವಕ್ಕೆ ತಕ್ಕಂತೆ ಹೀಟರನ್ನು ಆನ್-ಆಫ್ ಮಾಡುವ ಹ್ಯುಮಿಡಿಸ್ಟಾಟ್ ಇರುವ ಹೀಟರ್ ಕೋಲನ್ನು ತಳಭಾಗದಲ್ಲಿ ಹಾಕಿಸಿ. ಸಾಪೇಕ್ಷ ತೇವ ಶೇ 45ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹಿಂದೆ 40 ವ್ಯಾಟಿನ ಬಲ್ಬ್ ಉರಿಸಿಡುತ್ತಿದ್ದರು, ಈಗಿನ ಎಲ್‌ಇಡಿಗೆ ಆ ಶಾಖವಿಲ್ಲ. ಹ್ಯುಮಿಡಿಸ್ಟಾಟ್ ಇಲ್ಲದ ಹೀಟರ್ ಆದರೆ ಮಳೆ ಬಿಟ್ಟ ಮೇಲೆ ಮರೆಯದೆ ಆರಿಸಿ, ಇಲ್ಲವಾದರೆ ಬೇಸಿಗೆಯ ಒಣಗಾಳಿಯಲ್ಲಿ ನಾದ ಹೊರಡಿಸುವ ಮರದ ಹಲಗೆಯಾದ ಸೌಂಡ್‌ಬೋರ್ಡ್ ಬಿರುಕು ಬಿಡುತ್ತದೆ. ಪುಡಿ ಎಷ್ಟು ಫ್ಲೇಂಜ್‌ಗಳಿಗೆ ಹೋಗಿದೆಯೆಂದು ಹತ್ತಿರದ ಫೋಟೊ ತೆಗೆದು ಇಲ್ಲಿಯೇ ಹಾಕಿ. ಯಾವುದಕ್ಕೆ ಬಟ್ಟೆ ಬದಲಿಸಬೇಕೆಂದು ನೋಡಿ ಹೇಳುತ್ತೇನೆ.