ಕೊನೆಯ ಸರ ಯಾಕೆ ಕೆಂಪಗೆ?

ಪ್ರಶ್ನೆ: ನಮ್ಮ ಬೀದಿಯ ಗಣಪತಿ ಪೆಂಡಾಲಿಗೆ ಪಿಕ್ಸೆಲ್ ಲೈಟ್ (ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆ ಬದಲಿಸಬಹುದಾದ ಸರ) ತಂದಿದ್ದೇವೆ. ಡಬ್ಲ್ಯುಎಸ್2811 ಚಿಪ್ಪಿನ, 5 ವೋಲ್ಟಿನದು, ಸರಕ್ಕೆ 50 ಬಲ್ಬ್. ನಾಲ್ಕು ಸರ ಒಂದಕ್ಕೊಂದು ಸೇರಿಸಿ, ಶುರುವಿನಲ್ಲಿ 10 ಆಂಪಿಯರ್ ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನು 5 ವೋಲ್ಟಿಗೆ ಇಳಿಸುವ ಡಬ್ಬಿ) ಕೊಟ್ಟಿದ್ದೇವೆ. ಬಿಳಿ ಬಣ್ಣ ಹಾಕಿದರೆ ಮೊದಲ ಸರ ಬೆಳ್ಳಗೆ, ಕೊನೆಯದು ಕೆಂಪಗೆ. ಅಂಗಡಿಯವರು ‘ಬೇರೆ ಸರ ತಗೊಳ್ಳಿ’ ಅಂತಾರೆ. ತಗೊಳ್ಳೋದಾ?
– ಯುವಕ ಸಂಘದವರು, ದಾವಣಗೆರೆ

ಉತ್ತರ: ಬೇಡ. ಸರ ಚೆನ್ನಾಗಿಯೇ ಇದೆ, ಕರೆಂಟು ಕೊನೆ ಮುಟ್ಟುತ್ತಿಲ್ಲ. ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬರಲ್ಲ ಅನ್ನೋ ಕೂಗು ನಿಮ್ಮ ಕಡೆ ಹೊಸದಲ್ಲ, ಅಲ್ವಾ? ಇದೂ ಅದೇ. 200 ಬಲ್ಬಿನ ಕರೆಂಟೂ ಮೊದಲ ಸರದ ತೆಳು ವೈರಿನಲ್ಲೇ ಹೋಗಬೇಕು. ಹೋಗ್ತಾ ಹೋಗ್ತಾ ವೋಲ್ಟೇಜ್ ಇಳಿಯುತ್ತದೆ. ಬಿಳಿ ಬರುವುದು ಪ್ರತಿ ಬಲ್ಬಿನೊಳಗಿನ ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಉರಿದಾಗ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಹಸಿರು, ನೀಲಿಗೆ 3ರ ಹತ್ತಿರ ಬೇಕು. ಅವೆರಡೂ ಮೊದಲು ಮಂಕಾಗುತ್ತವೆ, ಕೆಂಪು ಉಳಿಯುತ್ತದೆ. ನಂಬಿಕೆ ಬರದಿದ್ದರೆ ಬಿಳಿ ಹಾಕಿ, ಕೊನೆಯ ಬಲ್ಬಿನ ಪ್ಲಸ್ ಮೈನಸ್‌ಗೆ ಮಲ್ಟಿಮೀಟರ್ ಹಿಡಿದು ನೋಡಿ.

ಪೂರ್ತಿ ಬಿಳಿಯಲ್ಲಿ ಒಂದು ಬಲ್ಬ್ 60 ಮಿಲಿಆಂಪಿಯರ್‌ವರೆಗೆ ಎಳೆಯುತ್ತದೆ. 200ಕ್ಕೆ 12 ಆಂಪಿಯರ್. ಹಾಗಾಗಿ 20 ಆಂಪಿಯರ್‌ನ ಎಸ್‌ಎಂಪಿಎಸ್ ತನ್ನಿ. ಆದರೆ ಸುಮ್ನೆ ದೊಡ್ಡದು ತಂದು ಅದೇ ತುದಿಗೆ ಕೊಟ್ಟರೆ ಕೆಂಪು ಹೋಗುವುದಿಲ್ಲ. ಎಸ್‌ಎಂಪಿಎಸ್ಸನ್ನು ಎರಡನೇ ಮತ್ತು ಮೂರನೇ ಸರದ ನಡುವೆ ಇಡಿ. ಅಲ್ಲಿಂದ ಎರಡೂ ಕಡೆಗೆ 2.5 ಸ್ಕ್ವೇರ್ ಎಂಎಂ ವೈರ್ ಎಳೆದು, ಪ್ರತಿ ಜಾಯಿಂಟಿಗೂ ಎರಡೂ ತುದಿಗೂ ಪ್ಲಸ್, ಮೈನಸ್ ಕೊಡಿ. ಪ್ರತಿ ಕಡೆಗೊಂದು ಫ್ಯೂಸ್ ಇರಲಿ. ಡೇಟಾ ವೈರು (ಯಾವ ಬಣ್ಣ ಉರಿಯಬೇಕೆಂದು ಬಲ್ಬಿಗೆ ಹೇಳುವ ವೈರು) ಮೊದಲು ಹೇಗಿತ್ತೋ ಹಾಗೇ ಇರಲಿ, ಮುಟ್ಟಬೇಡಿ. ಮುಂದೆ ಇನ್ನೊಂದು ಎಸ್‌ಎಂಪಿಎಸ್ ಸೇರಿಸಿದರೆ ಎರಡರ ಮೈನಸ್ ಒಟ್ಟಿಗೆ ಇರಬೇಕು, ಪ್ಲಸ್ ವೈರನ್ನು ಮಾತ್ರ ಎರಡರ ಪಾಲು ಸೇರುವ ಜಾಗದಲ್ಲಿ ಕತ್ತರಿಸಿ. ವೈರಿನ ಬಣ್ಣ ನಂಬಬೇಡಿ, ಒಂದೊಂದು ಲಾಟಿನಲ್ಲಿ ಒಂದೊಂದು ಥರ ಬರುತ್ತದೆ. ಮೀಟರಿನಲ್ಲಿ ನೋಡಿಯೇ ಜೋಡಿಸಿ.

ಇನ್ನೊಂದು ಮಾತು. ಬೆಳಕನ್ನು 40 ಪರ್ಸೆಂಟಿಗೆ ಇಳಿಸಿ. ಪೂರ್ತಿ ಬಿಟ್ಟರೆ ಗಣಪತಿಯ ಮುಖ ನೋಡೋರು ಯಾರು, ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದಿರುತ್ತಾರೆ.

5 ವೋಲ್ಟ್ ಕಡೆ ಶಾಕ್ ಹೊಡೆಯಲ್ಲ, 230ರ ಕಡೆ ಬಿಡಲ್ಲ. ಭಾದ್ರಪದದ ಮಳೆ ಹೇಳಿ ಕೇಳಿ ಬರುವುದಿಲ್ಲ. ಎಸ್‌ಎಂಪಿಎಸ್ಸಿನ ತೂತಿನ ಡಬ್ಬಿಯನ್ನು ನೆಲದ ಮೇಲೆ ಬಿಡಬೇಡಿ. ನೀರು ನುಗ್ಗದ ಪೆಟ್ಟಿಗೆಯಲ್ಲಿ ಎತ್ತರಕ್ಕೆ ಇಡಿ, ಅರ್ಥಿಂಗ್ ಕೊಡಿ, ಮೇನ್ಸಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಈ ಕೆಲಸ ಮಾತ್ರ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಪ್ರಶ್ನೆ: ಹೊಸ ಸರದಲ್ಲಿ 37ನೇ ಬಲ್ಬಿನ ಮುಂದೆ ಎಲ್ಲಾ ಕತ್ತಲೆ. ಸರ ಬಿಸಾಡಬೇಕಾ?
– ಓದುಗರು, ಶಿರಸಿ

ಉತ್ತರ: ಬಿಸಾಡಬೇಡಿ. ಡೇಟಾ ಒಂದು ಬಲ್ಬಿನಿಂದ ಇನ್ನೊಂದಕ್ಕೆ ದಾಟುತ್ತದೆ. ಕೆಟ್ಟಿರುವುದು 38ನೆಯದು, ಇಲ್ಲವೇ ಉರಿಯುತ್ತಿದ್ದರೂ ಮುಂದಕ್ಕೆ ದಾಟಿಸದ 37ನೆಯದು. ಮೊದಲು ಸಪ್ಲೈ ಆರಿಸಿ, 38ನ್ನು ಕತ್ತರಿಸಿ ಬೇರೆ ಬಲ್ಬ್ ಬೆಸುಗೆ ಹಾಕಿ. ಬಾಣದ ಗುರುತು ಮುಂದಕ್ಕೇ ಇರಲಿ. ಆಗಲೂ ಉರಿಯದಿದ್ದರೆ 37ನ್ನೂ ಬದಲಿಸಿ.