ಹಕ್ಕಿ ಕೂಗು, ಖಾಲಿ ತಂತಿ

ಪ್ರಶ್ನೆ: ಕೆಲಸದ ಸಲುವಾಗಿ ಕಾಡಿನಂಚಿನಲ್ಲಿ ಒಬ್ಬಳೇ ಇದ್ದೇನೆ. ಜೊತೆಗೆ ಪಿಟೀಲಿದೆ. ಮಳೆ, ಹಕ್ಕಿ ಎಲ್ಲ ಸೇರಿಸಿ ಸ್ವಂತದ್ದೊಂದು ಸಂಗೀತ ಕಟ್ಟುವ ಆಸೆ. ಹಕ್ಕಿ ಕೂಗನ್ನು ಹಾಗೇ ನುಡಿಸಿದರೆ ಮಿಮಿಕ್ರಿ ಆಗುತ್ತಿದೆ. ನೀವು ಹೇಗೆ ಕಟ್ಟುತ್ತೀರಿ?

ಉತ್ತರ: ಹಕ್ಕಿಯ ಸ್ವರವನ್ನು ಹಕ್ಕಿಗೇ ಬಿಟ್ಟುಬಿಡಿ. ನಾನು ಅದರಿಂದ ಕಡ ತರುವುದು ಬಿಡುವನ್ನು. ಒಮ್ಮೆ ಕೂಗಿ ಸುಮ್ಮನಾಗುತ್ತದೆ, ಮತ್ತೆ ಕೂಗುತ್ತದೆ. ನಡುವಿನ ಬಿಡುವು ಯಾವತ್ತೂ ಒಂದೇ ಸಮ ಇರುವುದಿಲ್ಲ, ಯಾವ ತಾಳಕ್ಕೂ ಕೂರುವುದಿಲ್ಲ. ಕಾಗದದ ಮೇಲೆ ಗೆರೆ ಎಳೆಯಿರಿ, ಕೂಗಿದಾಗೆಲ್ಲ ಚುಕ್ಕಿ ಇಡುತ್ತಾ ಹೋಗಿ. ಆಮೇಲೆ ಆ ಚುಕ್ಕಿಗಳಿಗೆ ನಿಮ್ಮ ಸ್ವರ ಹಾಕಿ.

ಹಾಗಂತ ಅನುಕರಣೆಯೇ ಕೂಡದು ಅಂತಲ್ಲ. 1725ರಲ್ಲಿ ಅಚ್ಚಾದ, ಇಟಲಿಯ ಸಂಗೀತ ರಚನಕಾರ ವಿವಾಲ್ಡಿಯ ‘ನಾಲ್ಕು ಋತುಗಳು’ ಕೇಳಿ. ‘ವಸಂತ’ದ ಎರಡನೇ ಭಾಗದಲ್ಲಿ ಮೇಕೆ ಕಾಯುವವನು ಮಲಗಿದ್ದಾನೆ, ಪಿಟೀಲುಗಳು ಎಲೆಗಳ ಸದ್ದು ಮಾಡುತ್ತಿವೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಮಾತ್ರ ನಾಯಿಯಾಗಿ ಒರಟಾಗಿ ಬೊಗಳುತ್ತಲೇ ಇರುತ್ತದೆ. ನಗು ಬರಬೇಕಿತ್ತು, ಅಲ್ವಾ? ಬರುವುದಿಲ್ಲ. ಆ ಬೊಗಳಿನಿಂದಲೇ ಸುತ್ತಲಿನ ಮೌನ ಜಾಸ್ತಿಯಾಗುತ್ತದೆ.

ಒಬ್ಬರೇ ಇದ್ದರೆ ಸಂಗೀತ ತಾನಾಗಿ ಹುಟ್ಟುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಹುಟ್ಟುವುದು ಹೆಚ್ಚಾಗಿ ಬೇಜಾರು. ಲಾಭ ಇರುವುದು ಒಂದೇ, ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಈಗಲೇ ಪಿಟೀಲು ತೆಗೆದುಕೊಳ್ಳಿ. ತಂತಿಗಳು ಪಾಶ್ಚಾತ್ಯ ಪದ್ಧತಿಯ ಜಿ, ಡಿ, ಎ, ಇ ಶ್ರುತಿಯಲ್ಲಿರಲಿ. ಡಿ ತಂತಿಯ ಮೇಲೆ ಮೂರನೇ ಬೆರಳಿಟ್ಟು ಜಿ ಸ್ವರ ನುಡಿಸಿ. ಪಕ್ಕದ ಖಾಲಿ ಜಿ ತಂತಿಯನ್ನೇ ನೋಡುತ್ತಿರಿ. ಯಾರೂ ಮುಟ್ಟದೆ ಅದು ನಡುಗುತ್ತದೆ, ಅಂಚು ಮಸುಕಾಗಿ ಕಾಣುತ್ತದೆ. ಅದರ ಸಹಜ ಕಂಪನ ಸೆಕೆಂಡಿಗೆ ಸುಮಾರು 196, ನೀವು ನುಡಿಸಿದ್ದರದು 392. ಸರಿಯಾಗಿ ಎರಡರಷ್ಟು, ಅದಕ್ಕೇ ಓಗೊಡುತ್ತದೆ. ಬೆರಳು ಕೂದಲೆಳೆಯಷ್ಟು ಸರಿದರೂ ಆ ದನಿ ಬಡವಾಗುತ್ತದೆ. ಸರಿಯಾಗಿದ್ದರೆ ಕಮಾನು ಎತ್ತಿದ ಮೇಲೂ ಒಂದು ಗಳಿಗೆ ಉಳಿಯುತ್ತದೆ. ನಾನೀಗ ಬರೆಯುತ್ತಿರುವ ತುಣುಕು ಪೂರ್ತಿ ಈ ಉಳಿದ ದನಿಯ ಮೇಲೇ ನಿಂತಿದೆ. ನುಡಿಸುವುದು ಕಮ್ಮಿ, ಕಾಯುವುದು ಜಾಸ್ತಿ.

ಮಳೆಗೆ ಕಮಾನನ್ನು ತಿರುಗಿಸಿ ಕಡ್ಡಿಯಿಂದ ತಂತಿ ತಟ್ಟಿ. ಅದಕ್ಕೆ ಹಳೇ ಕಮಾನೇ ಇರಲಿ, ಒಳ್ಳೆಯದರ ಮೇಲೆ ಗೀರು ಬೀಳುತ್ತದೆ. ಮಂಜು ಬೇಕಾದರೆ ಬೆರಳಿಡುವ ಹಲಗೆಯ ಮೇಲೆ ಹಗುರಾಗಿ ಎಳೆಯಿರಿ. ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಪಕ್ಕದಲ್ಲೇ ಎಳೆದರೆ ಕೀಟಗಳ ಕಿರುಗುಟ್ಟುವಿಕೆ ಸಿಗುತ್ತದೆ.

ಪ್ರಶ್ನೆ: ಜೊತೆಗೆ ನುಡಿಸುವವರಿಲ್ಲ. ಲೂಪ್ ಪೆಡಲ್ ಹಾಕಿ ನಾಲ್ಕು ಪಿಟೀಲಿನ ಸಂಗೀತ ಮಾಡಬಹುದೇ?

ಉತ್ತರ: ಧಾರಾಳವಾಗಿ. ಆದರೆ ಪೆಡಲ್ ಮೊದಲ ಸಲ ನುಡಿಸಿದ್ದನ್ನೇ ಚಾಚೂ ತಪ್ಪದೆ ತಿರುಗಿಸುತ್ತದೆ. ಮಳೆ ಹಾಗೆ ಸುರಿಯುತ್ತದಾ? ನಾನಾದರೆ ಒಂದೊಂದು ಪದರವನ್ನೂ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡುತ್ತೇನೆ. ಸಣ್ಣಪುಟ್ಟ ಹಿಂದುಮುಂದು ಆದರೆ ಆಗಲಿ.

ಪ್ರಶ್ನೆ: ಮರದಡಿ ಕೂತು ನುಡಿಸಿದರೆ ವಾದ್ಯ ಹಾಳಾಗುತ್ತದಾ?

ಉತ್ತರ: ಬಿಸಿಲು, ಮಳೆಹನಿ ಎರಡೂ ತಾಗಬಾರದು. ಗಾಳಿ ಒದ್ದೆಯಿದ್ದರೆ ಕಮಾನಿನ ಕೂದಲು ಸಡಿಲವಾಗುತ್ತದೆ, ತಂತಿ ಸುತ್ತಿರುವ ಬಿರಡೆ ಉಬ್ಬಿ ಬಿಗಿಯುತ್ತದೆ. ಬಿಗಿದ ಬಿರಡೆಯನ್ನು ಬಲ ಹಾಕಿ ತಿರುಗಿಸಲು ಹೋಗಬೇಡಿ. ಒಣಗಿದ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಡಿ.